ಮೂಳೆಯೊಳಗಿನ ನಾಟಿ

ಮಳೆಗಾಲ ಮುಗಿಯುತ್ತ ಬಂದಾಗ ಬಳ್ಳಾರಿಯ ಲ್ಯಾಬುಗಳ ಮುಂದೆ ಸಾಲು ರಸ್ತೆಯವರೆಗೂ ಬೆಳೆಯುತ್ತದೆ. ಎಲ್ಲರ ಕೈಯಲ್ಲೂ ಒಂದೇ ಚೀಟಿ: ಸಿಬಿಸಿ ಎಂಬ ರಕ್ತಕಣಗಳ ಎಣಿಕೆ, ಡೆಂಗಿ. ಅಂಥ ಒಂದು ದಿನ ಕಂಪ್ಲಿ ಕಡೆಯ ರೈತರೊಬ್ಬರು ಮಗನನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದರು. ಹುಡುಗನಿಗೆ ಒಂಬತ್ತೋ ಹತ್ತೋ ವರ್ಷ. "ಸರ, ಹದಿನೈದು ದಿನ ಆತು, ಜ್ವರ ಇಳೀವಲ್ದು. ಡೆಂಗಿ ಇರಬೇಕು ಅಂದ್ರು. ಪಪ್ಪಾಯಿ ಎಲಿ ರಸಾನೂ ಕುಡಿಸೀವಿ" ಅಂದರು.

ರಕ್ತ ತೆಗೆದು ಮಷಿನ್ನಿಗೆ ಹಾಕಿದೆ. ಪ್ಲೇಟ್‌ಲೆಟ್ 18 ಸಾವಿರ. ಇಷ್ಟೇ ಆಗಿದ್ದರೆ ಡೆಂಗಿ ಎನ್ನಬಹುದಿತ್ತು. ಆದರೆ ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು, ಬಿಳಿ ರಕ್ತಕಣ 62 ಸಾವಿರಕ್ಕೆ ಏರಿತ್ತು. ಡೆಂಗಿಯಲ್ಲಿ ಹೀಗಾಗುವುದಿಲ್ಲ. ಅದರಲ್ಲಿ ಬಿಳಿ ಕಣ ಸಾಮಾನ್ಯವಾಗಿ ಇಳಿಯುತ್ತವೆ, ನೀರಂಶ ಸೋರಿ ರಕ್ತ ಗಟ್ಟಿಯಾಗಿ ಹಿಮೋಗ್ಲೋಬಿನ್ ಏರುವುದೂ ಉಂಟು. ಲೆಕ್ಕ ತಾಳೆಯಾಗದಿದ್ದಾಗ ನಮ್ಮ ಕಸುಬಿನಲ್ಲಿ ಮಾಡುವ ಕೆಲಸ ಒಂದೇ: ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಸವರಿ, ಲೀಶ್ಮನ್ ಬಣ್ಣ ಹಾಕಿ, ಕಣ್ಣಾರೆ ನೋಡುವುದು. ಮೈಕ್ರೋಸ್ಕೋಪಿನಲ್ಲಿ ಇಣುಕಿದರೆ ನೇರಳೆಹಣ್ಣು ಚೆಲ್ಲಿದಂತೆ ಎಲ್ಲೆಲ್ಲೂ ಒಂದೇ ಥರದ ಕಣಗಳು. ಕಣದ ತುಂಬ ನ್ಯೂಕ್ಲಿಯಸ್ಸೇ, ಸುತ್ತ ತೆಳ್ಳನೆಯ ಅಂಚು ಮಾತ್ರ. ಇವಕ್ಕೆ ಬ್ಲಾಸ್ಟ್ ಎನ್ನುತ್ತೇವೆ. ಬಲಿಯದ ಎಳೆ ಕಣಗಳು ಇವು, ಮೂಳೆಯೊಳಗೆ ಇರಬೇಕಾದವು. ಬೀದಿಗೆ ಬರಬಾರದು.

ರೋಗದ ಹೆಸರು ಹೇಳುವ ಅಧಿಕಾರ ಲ್ಯಾಬ್ ಟೆಕ್ನೀಶಿಯನ್ನನಿಗಿಲ್ಲ. ಫೋನೆತ್ತಿ ಡಾಕ್ಟರಿಗೆ ಹೇಳಿದೆ. ಅವರು ತಂದೆಯನ್ನು ಕೂಡಿಸಿಕೊಂಡು ರಕ್ತದ ಕ್ಯಾನ್ಸರ್ ಎಂದು ಹೇಳಿದರು. ಆದರೆ ನಾಲ್ಕು ದಿನದ ಮೇಲೆ ಆ ರೈತ ತಿರುಗಿ ಬಂದದ್ದು ನನ್ನ ಹತ್ತಿರ. "ಡಾಕ್ಟರ ಮುಂದ ಬಾಯಿ ಬರ್ಲಿಲ್ಲರಿ. ಬೋನ್ ಮ್ಯಾರೋ ಕಸಿ ಅಂತಾರಲ್ಲ, ಬೆನ್ನೆಲುಬು ಕೊಯ್ದು ಹಾಕ್ತಾರೇನು? ನನ್ನ ಮಗಳದು ತಗೊಂಡ್ರ ಆಕಿ ಮುಂದ ಕುಂಟಿ ಆಗ್ತಾಳೇನು?"

ಈ ಪ್ರಶ್ನೆಯನ್ನು ಮೂವತ್ತು ವರ್ಷದಲ್ಲಿ ಎಷ್ಟು ಬಾಯಲ್ಲಿ ಕೇಳಿದ್ದೇನೋ. ಪೇಟೆಯ ಓದಿದವರೂ ಇದನ್ನೇ ಕೇಳುತ್ತಾರೆ. ತಪ್ಪು ಅವರದಲ್ಲ, ಕಸಿ ಎಂಬ ಮಾತಿನದು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಕಸಿ ಅಂದರೆ ಮಾವಿನ ಗಿಡ ಕಣ್ಣೆದುರು ಬರುತ್ತದೆ. ಟೊಂಗೆ ಕೊಯ್ಯಬೇಕು, ಸೀಳಬೇಕು, ಇನ್ನೊಂದನ್ನು ಸೇರಿಸಿ ಕಟ್ಟಬೇಕು. ಮೂತ್ರಪಿಂಡದ ಕಸಿಗೆ ಈ ಮಾತು ಒಪ್ಪುತ್ತದೆ, ಅಸ್ಥಿಮಜ್ಜೆಗೆ ಒಪ್ಪುವುದಿಲ್ಲ. ತುಂಗಭದ್ರೆಯ ಕಾಲುವೆ ನೀರುಂಡ ಸೀಮೆಯವರಿಗೆ ಇದನ್ನು ಹೇಳಲು ಇನ್ನೊಂದು ಮಾತು ಕೈಯಳತೆಯಲ್ಲೇ ಇದೆ: ನಾಟಿ. ಆ ರೈತನಿಗೆ ನಾನು ಹೇಳಿದ್ದು ಗದ್ದೆಯ ಲೆಕ್ಕದಲ್ಲೇ.

ಮೊದಲು ಮಜ್ಜೆ ಎಲ್ಲಿರುತ್ತದೆ ಅಂತ. ಖಾನಾವಳಿಯಲ್ಲಿ ನಲ್ಲಿ ಮೂಳೆ ಚೀಪಿದವರಿಗೆ ಅದರ ಪರಿಚಯ ಇದ್ದೇ ಇದೆ, ಮೂಳೆಯ ಟೊಳ್ಳಿನೊಳಗಿನ ಮೆತ್ತನೆಯ ಪದಾರ್ಥ ಅದೇ. ಬೆನ್ನುಹುರಿಗೂ ಅದಕ್ಕೂ ಸಂಬಂಧವಿಲ್ಲ. ಬೆನ್ನುಹುರಿ ನರಗಳ ಕಟ್ಟು, ಅದನ್ನು ಯಾರೂ ಮುಟ್ಟುವುದಿಲ್ಲ. ದೊಡ್ಡವರಲ್ಲಿ ರಕ್ತ ತಯಾರಿಸುವ ಕೆಂಪು ಮಜ್ಜೆ ಹೆಚ್ಚಾಗಿ ಸೊಂಟದ ಮೂಳೆ, ಎದೆಯ ಮೂಳೆ, ಪಕ್ಕೆಲುಬು, ಬೆನ್ನುಮಣಿಗಳಲ್ಲಿ ಇರುತ್ತದೆ. ಅಲ್ಲಿ ಹಗಲಿರುಳು ಕೆಲಸ ನಡೆದೇ ಇರುತ್ತದೆ. ಒಂದೊಂದು ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣ ಹುಟ್ಟುತ್ತವೆ. ಕೆಂಪು ಕಣದ ಆಯುಷ್ಯ 120 ದಿನ, ಪ್ಲೇಟ್‌ಲೆಟ್ಟಿನದು ಎಂಟು ಹತ್ತು ದಿನ, ಸೋಂಕಿನ ಮೇಲೆ ಮೊದಲು ಬೀಳುವ ನ್ಯೂಟ್ರೋಫಿಲ್‌ಗಳಿಗೆ ರಕ್ತದಲ್ಲಿ ಒಂದು ದಿನವೂ ಗಟ್ಟಿಯಿಲ್ಲ. ಇವೆಲ್ಲದರ ತಾಯಿ ಬಹಳ ವಿರಳವಾದ ಒಂದು ಜಾತಿಯ ಕಣ. ಸ್ಟೆಮ್ ಸೆಲ್ ಅನ್ನುತ್ತಾರೆ, ಪುಸ್ತಕದ ಕನ್ನಡದಲ್ಲಿ ಆಕರಕೋಶ. ನಾನು ಬೀಜಕಣ ಅಂತ ಕರೆಯುತ್ತೇನೆ, ಕೇಳಿದವರಿಗೆ ತಿಳಿಯುತ್ತದೆ.

ರಕ್ತದ ಕ್ಯಾನ್ಸರ್ ಅಂದರೆ ಈ ಮಡಿಯಲ್ಲಿ ಕಳೆ ಹುಟ್ಟಿದಂತೆ. ಅದೂ ಭತ್ತದ ಸಸಿಯ ಹಾಗೇ ಕಾಣುವ ಕಳೆ, ಬೆಳೆಯುತ್ತದೆ, ಹಬ್ಬುತ್ತದೆ, ತೆನೆ ಮಾತ್ರ ಕಟ್ಟುವುದಿಲ್ಲ. ಬ್ಲಾಸ್ಟುಗಳು ಹೆಚ್ಚಿ ಜಾಗವೆಲ್ಲ ಆಕ್ರಮಿಸಿದಾಗ ಒಳ್ಳೆಯ ಕಣಗಳಿಗೆ ತಾವಿರುವುದಿಲ್ಲ. ಕೆಂಪು ಕಣ ಕಡಿಮೆಯಾಗಿ ಸುಸ್ತು, ಮುಖ ಬಿಳಿಚುವುದು. ಪ್ಲೇಟ್‌ಲೆಟ್ ಇಲ್ಲದೆ ಒಸಡಿನಲ್ಲಿ ರಕ್ತ, ಮೈಮೇಲೆ ಕೆಂಪು ಚುಕ್ಕೆ. ಬಿಳಿ ಕಣ ಲೆಕ್ಕಕ್ಕೆ ಬೇಕಾದಷ್ಟಿದ್ದರೂ ಕೆಲಸಕ್ಕೆ ಬಾರದವಾದ್ದರಿಂದ ಬಿಡದ ಜ್ವರ. ಆ ಹುಡುಗನಿಗೆ ಆಗಿದ್ದು ಇಷ್ಟೂ.

ರಕ್ತದ ಕ್ಯಾನ್ಸರ್ ಎಂಬ ಒಂದೇ ಹೆಸರಿನಡಿ ಹತ್ತಾರು ರೋಗಗಳಿವೆ. ಮಕ್ಕಳಲ್ಲಿ ಹೆಚ್ಚು ಕಾಣುವುದು ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ತೀವ್ರ ಮೈಲಾಯ್ಡ್ ಲ್ಯುಕೇಮಿಯಾ ದೊಡ್ಡವರಲ್ಲಿ ಹೆಚ್ಚು. ನಿಧಾನವಾಗಿ ವರ್ಷಗಟ್ಟಲೆ ಸಾಗುವ ದೀರ್ಘಕಾಲದ ಬಗೆಗಳು ಬೇರೆ. ಲಿಂಫ್ ನೋಡ್ ಎನ್ನುವ ದುಗ್ಧರಸ ಗ್ರಂಥಿಗಳಲ್ಲಿ ಗಂಟಾಗಿ ಬರುವುದು ಲಿಂಫೋಮಾ. ವಯಸ್ಸಾದವರ ಮೂಳೆ ಕೊರೆದು ಬೆನ್ನುನೋವು ಎಂದು ವೇಷ ಹಾಕುವುದು ಮೈಲೋಮಾ. ಯಾವ ಬಗೆ ಎಂದು ಗೊತ್ತಾಗುವ ತನಕ ಔಷಧಿ ಯಾವುದೆಂದು ಹೇಳಲಾಗುವುದಿಲ್ಲ. ಅದಕ್ಕೇ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಇಷ್ಟೆಲ್ಲ ಪರೀಕ್ಷೆ.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಹಳ್ಳಿ ಕಡೆ ಜ್ವರ, ಕೀಲುನೋವು ಅಂದರೆ ಸಾಕು, ಒಂದು ಸ್ಟೀರಾಯ್ಡ್ ಸೂಜಿ ಚುಚ್ಚಿಬಿಡುವ ರೂಢಿಯಿದೆ. ಮರುದಿನ ಹುಡುಗ ಎದ್ದು ಓಡಾಡುತ್ತಾನೆ, ಚುಚ್ಚಿದವನಿಗೆ ಹೆಸರು ಬರುತ್ತದೆ. ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಕಣಗಳಿಗೆ ಸ್ಟೀರಾಯ್ಡೇ ಅರ್ಧ ಔಷಧಿ. ಹಾಗಾಗಿ ಅವು ಕೆಲದಿನ ಕರಗಿ ಅಡಗುತ್ತವೆ, ಸ್ಲೈಡಿನಲ್ಲಿ ನಮಗೆ ಏನೂ ಸಿಗುವುದಿಲ್ಲ. ವಾರಗಳು ಕಳೆದ ಮೇಲೆ ತಿರುಗಿ ಬಂದಾಗ ರೋಗ ಬಲಿತಿರುತ್ತದೆ, ಅದರ ಗುರುತೂ ಕೆಟ್ಟಿರುತ್ತದೆ. ಕಾರಣ ಗೊತ್ತಿಲ್ಲದ ಜ್ವರಕ್ಕೆ, ಸ್ಲೈಡ್ ನೋಡದೆ, ಸ್ಟೀರಾಯ್ಡ್ ಬೇಡ.

ಕಂಪ್ಲಿಯ ಹುಡುಗನಿಗೆ ಕಸಿಯ ಅಗತ್ಯವೇ ಬೀಳಲಿಲ್ಲ. ಇದನ್ನೂ ಜನ ತಿಳಿದಿರಬೇಕು: ಬ್ಲಡ್ ಕ್ಯಾನ್ಸರ್ ಅಂದ ಕೂಡಲೇ ಮಜ್ಜೆ ಬದಲಿಸುವುದಲ್ಲ. ಲಿಂಫೋಬ್ಲಾಸ್ಟಿಕ್ ಬಗೆಯ ಲ್ಯುಕೇಮಿಯಾ ಬಂದ ಮಕ್ಕಳಲ್ಲಿ ಬಹುಪಾಲಿಗೆ ಔಷಧಿಯಿಂದಲೇ ವಾಸಿಯಾಗುತ್ತದೆ. ಅನುಕೂಲಸ್ಥ ದೇಶಗಳಲ್ಲಿ ಹತ್ತರಲ್ಲಿ ಎಂಟೊಂಬತ್ತು ಮಕ್ಕಳು ಉಳಿಯುತ್ತಾರೆ. ನಮ್ಮಲ್ಲಿ ಆ ಲೆಕ್ಕ ತಗ್ಗುವುದಕ್ಕೆ ಮುಖ್ಯ ಕಾರಣಗಳು ತಡವಾಗಿ ಬರುವುದು, ಸೋಂಕು, ಮತ್ತೆ ಎರಡು ಮೂರು ವರ್ಷದ ಚಿಕಿತ್ಸೆಯನ್ನು ನಡುವೆ ಕೈಬಿಡುವುದು. ಮೊದಲ ತಿಂಗಳಲ್ಲೇ ಮಗು ಗುಣವಾದಂತೆ ಕಾಣುತ್ತದೆ. "ಆರಾಮ ಆಗ್ಯಾನ, ಇನ್ನೇನು" ಎಂದು ಊರಿಗೆ ಹೋದವರು ಒಂದು ಸುಗ್ಗಿ ಮುಗಿಸಿ ಬರುವ ಹೊತ್ತಿಗೆ ಕಳೆ ಮತ್ತೆ ಎದ್ದಿರುತ್ತದೆ.

ಆ ಔಷಧಿಗಳ ಹಿಂದೆ ನಮ್ಮ ನೆರೆಯವನೊಬ್ಬನಿದ್ದಾನೆ. 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಕಂಪನಿಯ ಪ್ರಯೋಗಾಲಯ ನಡೆಸುತ್ತಿದ್ದರು. ಫೋಲಿಕ್ ಆಮ್ಲ ಇಲ್ಲದೆ ಕಣಗಳು ಒಡೆದು ಹೆಚ್ಚುವುದಿಲ್ಲ. ಆ ಆಮ್ಲದ ಹಾಗೇ ಕಾಣುವ, ಆದರೆ ಕೆಲಸ ಮಾಡದ ನಕಲಿಗಳನ್ನು ಅವರ ತಂಡ ತಯಾರಿಸಿತು. ಹಸಿದ ಕಣ ಅದನ್ನೇ ನುಂಗಿ ಸಾಯುತ್ತದೆ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದರಲ್ಲೊಂದನ್ನು ಮಕ್ಕಳಿಗೆ ಕೊಟ್ಟು 1948ರಲ್ಲಿ ವರದಿ ಮಾಡಿದರು: 16 ಮಕ್ಕಳಲ್ಲಿ 10 ಮಂದಿಗೆ ರೋಗ ತಾತ್ಕಾಲಿಕವಾಗಿ ಇಳಿದಿತ್ತು. ತಾತ್ಕಾಲಿಕ ಅಷ್ಟೇ, ಆದರೆ ಅದಕ್ಕೂ ಮುಂಚೆ ಅಷ್ಟೂ ಇರಲಿಲ್ಲ. ಅದೇ ಕುಟುಂಬದ ಮೆಥೊಟ್ರೆಕ್ಸೇಟ್ ಇಂದಿಗೂ ನಮ್ಮ ವಾರ್ಡುಗಳಲ್ಲಿದೆ. ಇನ್ನೊಂದು ಔಷಧಿ ವಿನ್‌ಕ್ರಿಸ್ಟಿನ್ ಬಂದದ್ದು ನಿತ್ಯಪುಷ್ಪದ ಗಿಡದಿಂದ, ಕಾಶಿಕಣಗಿಲೆ ಅಂತಲೂ ಕರೆಯುವ, ಗುಡಿಯ ಅಂಗಳದಲ್ಲಿ ನೀರಿಲ್ಲದೆಯೂ ಹೂ ಬಿಡುವ ಅದೇ ಗಿಡ. ಹಾಗಂತ ಎಲೆ ಕುದಿಸಿ ಕುಡಿಯಬೇಡಿ. ರಾಶಿಗಟ್ಟಲೆ ಎಲೆಯಿಂದ ಚಿಟಿಕೆಯಷ್ಟು ಸಿಗುವ ಮದ್ದು ಅದು, ಗಿಡ ಹಾಗೇ ತಿಂದರೆ ವಿಷ.

ದೀರ್ಘಕಾಲದ ಮೈಲಾಯ್ಡ್ ಲ್ಯುಕೇಮಿಯಾದ ಕಥೆಯಂತೂ ಪೂರ್ತಿ ಬದಲಾಯಿತು. ಅದರ ಕಣಗಳಲ್ಲಿ ಒಂದು ಗಿಡ್ಡ ಕ್ರೋಮೋಸೋಮ್ ಇರುವುದನ್ನು 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಕಂಡರು. 9ನೆಯ ಮತ್ತು 22ನೆಯ ಕ್ರೋಮೋಸೋಮುಗಳ ತುಣುಕು ಅದಲು ಬದಲಾಗಿ ಹಾಗಾಗುತ್ತದೆ ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ಅದಲು ಬದಲಿನಿಂದ ಹುಟ್ಟುವ ಕೆಟ್ಟ ಪ್ರೋಟೀನಿಗೆ ಬೀಗ ಹಾಕುವ ಇಮ್ಯಾಟಿನಿಬ್ ಗುಳಿಗೆ 2001ರಲ್ಲಿ ಬಂತು. ಒಂದು ಕಾಲಕ್ಕೆ ಮಜ್ಜೆ ಬದಲಿಸಿದರೆ ಮಾತ್ರ ಉಳಿವು ಎನ್ನುತ್ತಿದ್ದ ರೋಗಕ್ಕೆ ಈಗ ಬಿಪಿ ಗುಳಿಗೆಯಂತೆ ದಿನಕ್ಕೊಂದು ಗುಳಿಗೆ. ಬೆಲೆ? ಕಂಪನಿಯ ಗುಳಿಗೆ ತಿಂಗಳಿಗೆ ಲಕ್ಷ ದಾಟುತ್ತಿದ್ದಾಗ ನಮ್ಮ ದೇಶದ ಜೆನರಿಕ್ ಹತ್ತು ಸಾವಿರದ ಆಸುಪಾಸಿನಲ್ಲಿತ್ತು. ಪೇಟೆಂಟ್ ಬೇಕೆಂದು ಆ ಕಂಪನಿ, ನೊವಾರ್ಟಿಸ್, ಹೂಡಿದ್ದ ದಾವೆಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಆ ತೀರ್ಪಿನ ಬೆಲೆ ಗೊತ್ತಿರುವುದು ವಕೀಲರಿಗಿಂತ ಹೆಚ್ಚಾಗಿ ನಮ್ಮ ಸಿರುಗುಪ್ಪ, ಸಿಂಧನೂರಿನ ರೋಗಿಗಳಿಗೆ.

ಹಾಗಾದರೆ ಮಜ್ಜೆ ಬದಲಿಸುವುದು ಯಾರಿಗೆ? ಔಷಧಿಗೆ ಬಗ್ಗದವರಿಗೆ, ಬಗ್ಗಿ ಮತ್ತೆ ಮರುಕಳಿಸಿದವರಿಗೆ, ಮರುಕಳಿಸುವ ಗುರುತು ಮೊದಲೇ ಕಾಣುವ ಮೈಲಾಯ್ಡ್ ಬಗೆಯವರಿಗೆ. ಕ್ಯಾನ್ಸರ್ ಅಲ್ಲದ, ಹುಟ್ಟಿನಿಂದಲೇ ರಕ್ತ ಸರಿಯಾಗಿ ತಯಾರಾಗದ ಥಲಸ್ಸೀಮಿಯಾ, ಮಜ್ಜೆಯೇ ಒಣಗುವ ಏಪ್ಲಾಸ್ಟಿಕ್ ಅನೀಮಿಯಾಕ್ಕೂ ಇದೇ ಮಾರ್ಗ.

ಈ ವಿದ್ಯೆ ಭಾರತಕ್ಕೆ ಬಂದದ್ದು ಒಬ್ಬ ವೈದ್ಯರ ಹಟದಿಂದ. ಡಾ. ಸುರೇಶ್ ಅಡ್ವಾಣಿ 1947ರಲ್ಲಿ ಕರಾಚಿಯಲ್ಲಿ ಹುಟ್ಟಿದವರು. ಎಂಟನೆಯ ವಯಸ್ಸಿಗೆ ಪೋಲಿಯೋ ಬಡಿದು ಗಾಲಿಕುರ್ಚಿ ಹಿಡಿದರು. ಕಾಲಿಲ್ಲದವನು ಡಾಕ್ಟರಾಗಿ ಏನು ಮಾಡುತ್ತಾನೆ ಎಂದು ವೈದ್ಯಕೀಯ ಸೀಟು ಕೊಡಲು ಮೊದಲು ಹಿಂದೇಟು ಹಾಕಿದ್ದರು, ಬಿಡದೆ ಗಿಟ್ಟಿಸಿಕೊಂಡರು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ ಸೇರಿದ ಮೇಲೆ ಅಮೆರಿಕದ ಸಿಯಾಟಲ್‌ಗೆ ಹೋಗಿ ಡೊನಾಲ್ ಥಾಮಸ್ ಬಳಿ ಕಲಿತರು. ಆ ಥಾಮಸ್ ಎಂಥವರೆಂದರೆ, 1957ರಲ್ಲಿ ಆರು ರೋಗಿಗಳಿಗೆ ಬೇರೆಯವರ ಮಜ್ಜೆ ಕೊಟ್ಟು, ಆರರಲ್ಲಿ ಒಬ್ಬರೂ ನೂರು ದಿನ ದಾಟಿ ಉಳಿಯದಿದ್ದರೂ ಕೆಲಸ ಬಿಡದವರು. ಉಳಿದ ಎಷ್ಟೋ ಮಂದಿ ಇದು ಆಗದ ಮಾತು ಎಂದು ಕೈಚೆಲ್ಲಿದ ಹತ್ತು ಹದಿನೈದು ವರ್ಷ ಅವರು ನಾಯಿಗಳ ಮೇಲೆ ಪ್ರಯೋಗ ಮಾಡುತ್ತ ಕೂತರು. 1990ರಲ್ಲಿ ನೊಬೆಲ್ ಬಂತು.

ಅಡ್ವಾಣಿ ಮುಂಬಯಿಗೆ ಮರಳಿ 1983ರ ಮಾರ್ಚ್ 20ರಂದು ಮೈಲಾಯ್ಡ್ ಲ್ಯುಕೇಮಿಯಾ ಇದ್ದ ಒಂಬತ್ತು ವರ್ಷದ ಹುಡುಗಿಗೆ ಅವಳ ಅಣ್ಣತಮ್ಮಂದಿರಲ್ಲೊಬ್ಬನ ಮಜ್ಜೆ ಕೊಟ್ಟರು. ದೇಶದಲ್ಲಿ ಯಶಸ್ವಿಯಾದ ಮೊದಲ ಮಜ್ಜೆ ಕಸಿ ಅದು. ಮೂರು ವರ್ಷ ಕಳೆದು 1986ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಡಾ. ಮ್ಯಾಮೆನ್ ಚಾಂಡಿ ಶುರು ಮಾಡಿದರು. ಅಡ್ವಾಣಿಯವರಿಗೆ 2002ರಲ್ಲಿ ಪದ್ಮಶ್ರೀ, 2012ರಲ್ಲಿ ಪದ್ಮಭೂಷಣ ಬಂದವು. ನನ್ನನ್ನು ಹೆಚ್ಚು ತಟ್ಟುವುದು ಪ್ರಶಸ್ತಿಗಳಲ್ಲ. ಈ ಚಿಕಿತ್ಸೆಯಲ್ಲಿ ಡಾಕ್ಟರು ಚಾಕು ಹಿಡಿದು ನಿಲ್ಲಬೇಕಾಗಿಲ್ಲ. ದಿನಾ ಬೆಳಗ್ಗೆ ಕಣಗಳ ಲೆಕ್ಕ ನೋಡಿ, ಕಾದು, ತೀರ್ಮಾನ ಮಾಡಬೇಕು. ಆ ಕೆಲಸಕ್ಕೆ ಕಾಲು ಬೇಡ, ತಾಳ್ಮೆ ಬೇಕು. ಸೀಟು ಕೊಡಲು ಹಿಂದೆಮುಂದೆ ನೋಡಿದವರಿಗೆ ಇದು ಹೊಳೆದಿರಲಿಲ್ಲ.

ಈಗ ನಾಟಿಗೆ ಬರೋಣ.

ಗದ್ದೆ ಹದ ಮಾಡುವುದು ಮೊದಲ ಕೆಲಸ. ನಾಟಿಗೆ ಏಳೆಂಟು ದಿನ ಮುಂಚಿನಿಂದ ರೋಗಿಗೆ ಜೋರು ಕೀಮೋ ಕೊಡುತ್ತಾರೆ, ಕೆಲವರಿಗೆ ವಿಕಿರಣವನ್ನೂ. ಉಳಿದ ಕಳೆ ಸಾಯಬೇಕು, ಹೊಸ ಸಸಿಗೆ ತಾವಾಗಬೇಕು, ಹೊಸದನ್ನು ಬಿಳಿ ಕಣಗಳ ಹಳೆಯ ಸೈನ್ಯ ಓಡಿಸದಂತೆ ಅದೂ ಅಡಗಬೇಕು. ಇಲ್ಲಿಂದ ಹಿಂದಿರುಗುವ ದಾರಿಯಿಲ್ಲ. ಗದ್ದೆ ಖಾಲಿಯಾದ ಮೇಲೆ ಸಸಿ ಬಾರದಿದ್ದರೆ ಮನುಷ್ಯ ಉಳಿಯುವುದಿಲ್ಲ.

ಸಸಿ ಕೀಳುವುದು ಎರಡು ಬಗೆ. ಹಳೆಯದು, ದಾನಿಗೆ ಅರಿವಳಿಕೆ ಕೊಟ್ಟು ಸೊಂಟದ ಹಿಂದಿನ ಮೂಳೆಗೆ ಸೂಜಿ ಹಾಕಿ ಮಜ್ಜೆ ಎಳೆಯುವುದು. ಕೊಯ್ಯುವುದಿಲ್ಲ, ಹೊಲಿಗೆಯಿಲ್ಲ. ಕೆಲವು ದಿನ ಸೊಂಟ ನೋಯುತ್ತದೆ, ಬಿದ್ದು ಪೆಟ್ಟಾದ ಹಾಗೆ. ಈಗ ಹೆಚ್ಚು ನಡೆಯುವುದು ಇನ್ನೊಂದು ಬಗೆ: ನಾಲ್ಕೈದು ದಿನ ಒಂದು ಸೂಜಿ ಕೊಟ್ಟರೆ ಬೀಜಕಣಗಳು ಮೂಳೆ ಬಿಟ್ಟು ರಕ್ತಕ್ಕೆ ಇಳಿಯುತ್ತವೆ. ದಾನಿಯನ್ನು ಮಷಿನ್ನಿನ ಪಕ್ಕ ಮಲಗಿಸಿ, ಒಂದು ಕೈಯಿಂದ ರಕ್ತ ತೆಗೆದು, ಬೀಜಕಣ ಸೋಸಿಕೊಂಡು, ಉಳಿದದ್ದನ್ನು ಇನ್ನೊಂದು ಕೈಗೆ ಹಿಂದಿರುಗಿಸುತ್ತಾರೆ. ನಾಲ್ಕೈದು ತಾಸಿನ ಕೆಲಸ. ಕೊಟ್ಟದ್ದು ಕೆಲವು ವಾರದಲ್ಲಿ ಮೈಯಲ್ಲಿ ತುಂಬಿಕೊಳ್ಳುತ್ತದೆ. ದಾನಿ ಕುಂಟುವುದಿಲ್ಲ, ಹೆರಿಗೆಗೆ ಅಡ್ಡಿಯಿಲ್ಲ, ಮದುವೆಗೆ ಅಡ್ಡಿಯಿಲ್ಲ. ಈ ಕೊನೆಯ ಮಾತನ್ನು ಹೆಣ್ಣುಮಕ್ಕಳ ತಂದೆಯರಿಗೆ ನಾನು ಎರಡೆರಡು ಸಲ ಹೇಳುತ್ತೇನೆ.

ನಾಟಿ ಮಾಡುವ ದಿನವನ್ನು ಸೊನ್ನೆಯ ದಿನ ಎಂದು ಎಣಿಸುತ್ತಾರೆ. ಆ ದಿನ ನೋಡಲು ಬಂದ ಬಂಧುಗಳಿಗೆ ಒಂದು ಥರ ನಿರಾಸೆ. ಆಪರೇಷನ್ ಥಿಯೇಟರ್ ಇಲ್ಲ, ಹಸಿರು ಗೌನಿನವರ ಓಡಾಟವಿಲ್ಲ. ಹಾಸಿಗೆಯ ಪಕ್ಕ ಗ್ಲೂಕೋಸ್ ಬಾಟಲಿ ಹಾಕುವ ಕಂಬಕ್ಕೆ ತಿಳಿಗೆಂಪು ಚೀಲ ತೂಗುಹಾಕಿ ಹನಿ ಬಿಡುತ್ತಾರೆ. ತಾಸೊಪ್ಪತ್ತಿನಲ್ಲಿ ಮುಗಿಯಿತು. ಮೂಳೆಗೆ ಯಾರೂ ಏನೂ ಚುಚ್ಚುವುದಿಲ್ಲ. ರಕ್ತಕ್ಕೆ ಇಳಿದ ಬೀಜಕಣಗಳು ತಾವೇ ಮನೆ ಹುಡುಕಿಕೊಂಡು ಮೂಳೆಯೊಳಗೆ ಸೇರುತ್ತವೆ. ಸಸಿಗೆ ಗದ್ದೆ ತೋರಿಸಬೇಕು, ಇದಕ್ಕೆ ಅದೂ ಬೇಡ. ಇಷ್ಟು ವರ್ಷ ಕಣ ನೋಡಿದ ನನಗೂ ಇದು ಇವತ್ತಿಗೂ ಸೋಜಿಗವೇ.

ಆಮೇಲಿನದು ಕಾಯುವ ಕೆಲಸ. ಎರಡರಿಂದ ನಾಲ್ಕು ವಾರ ರೋಗಿಯ ಮೈಯಲ್ಲಿ ತನ್ನದೆಂಬ ಬಿಳಿ ಕಣ ಇಲ್ಲವೆನ್ನುವಷ್ಟು ಕಡಿಮೆ. ಸೋಸಿದ ಗಾಳಿಯ ಕೋಣೆ, ಬಾಯಿತುಂಬ ಹುಣ್ಣು, ಹೊರಗಿನವರು ಕೊಡುವ ಪ್ಲೇಟ್‌ಲೆಟ್ಟಿನ ಮೇಲೆ ಜೀವ. ದಿನಾ ಬೆಳಗಿನ ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್ ಸೊನ್ನೆ, ಸೊನ್ನೆ, ಸೊನ್ನೆ. ಒಂದು ದಿನ 100 ಕಾಣುತ್ತದೆ. ಸತತ ಮೂರು ದಿನ 500 ದಾಟಿದರೆ ಸಸಿ ಬೇರೂರಿತು ಎಂದು ಲೆಕ್ಕ.

ತನ್ನದೇ ಬೀಜಕಣ ತೆಗೆದಿಟ್ಟು ತನಗೇ ಕೊಡುವ ಬಗೆಯೂ ಇದೆ, ಮೈಲೋಮಾದವರಿಗೆ ಹೆಚ್ಚು. ಅಲ್ಲಿ ಕಳೆ ಕೊಲ್ಲುವುದು ಜೋರು ಕೀಮೋ, ಬೀಜಕಣ ಬರೀ ಆಸರೆ. ಮೆಲ್ಫಲಾನ್ ಎಂಬ ಔಷಧಿ ಹೋಗುವಾಗ ಬಾಯಲ್ಲಿ ಐಸ್ ಚೂರು ಇಟ್ಟುಕೊಳ್ಳಲು ಹೇಳುತ್ತಾರೆ. ತಂಪಿಗೆ ಬಾಯಿಯ ರಕ್ತನಾಳ ಮುದುಡಿ ಅಲ್ಲಿಗೆ ಔಷಧಿ ಕಡಿಮೆ ತಲುಪುತ್ತದೆ, ಹುಣ್ಣು ಕಡಿಮೆಯಾಗುತ್ತದೆ. ಹೆಪ್ಪುಗಟ್ಟಿಸಿ ಇಟ್ಟ ಕಣ ಕೊಟ್ಟ ದಿನ ಕೋಣೆಯೆಲ್ಲ ಬೆಳ್ಳುಳ್ಳಿ ವಾಸನೆ. ಅದು ಕಣ ಕೆಡದಂತೆ ಬೆರೆಸಿದ ರಾಸಾಯನಿಕದ್ದು, ಗಾಬರಿಯಾಗಬೇಕಿಲ್ಲ.

ದಾನಿ ಯಾರು ಎಂಬಲ್ಲಿಗೆ ನಮ್ಮ ಸೀಮೆಯ ವಿಚಾರ ನೇರ ಬರುತ್ತದೆ. ಹೊಂದಬೇಕಾದದ್ದು ಎಚ್‌ಎಲ್‌ಎ ಎಂಬ ಗುರುತು, ಮೈಯ ಬಹುತೇಕ ಎಲ್ಲ ಕಣಗಳ ಮೇಲೂ ಇರುವ ಮನೆತನದ ಮುದ್ರೆ. ಅಪ್ಪನ ಹತ್ತಿರ ಎರಡು ಕಟ್ಟು, ಅವ್ವನ ಹತ್ತಿರ ಎರಡು ಕಟ್ಟು. ಪ್ರತಿ ಮಗುವಿಗೂ ಒಬ್ಬೊಬ್ಬರಿಂದ ಒಂದೊಂದು. ಹಾಗಾಗಿ ಒಡಹುಟ್ಟಿದವರಲ್ಲಿ ಒಬ್ಬೊಬ್ಬರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರಿದ್ದರೆ ಒಬ್ಬರಾದರೂ ಹೊಂದುವುದು ಶೇಕಡ 44, ಮೂವರಿದ್ದರೆ 58. ಅಪ್ಪ ಅವ್ವ ಸಾಮಾನ್ಯವಾಗಿ ಅರ್ಧ ಮಾತ್ರ ಹೊಂದುತ್ತಾರೆ. ಆದರೆ ನಮ್ಮ ಕಡೆ ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು ಇದ್ದದ್ದೇ. ಅಂಥ ಮನೆಯಲ್ಲಿ ಒಂದೇ ಕಟ್ಟು ಗಂಡ ಹೆಂಡತಿ ಇಬ್ಬರಲ್ಲೂ ಇರಬಹುದು. ಆಗ ಅಪ್ಪನೋ ಅವ್ವನೋ ಕೆಲವೊಮ್ಮೆ ಸೋದರಮಾವನೋ ಪೂರ್ತಿ ಹೊಂದಿಬಿಡುತ್ತಾರೆ. ಥಲಸ್ಸೀಮಿಯಾದಂಥ ರೋಗ ಮಗುವಿಗೆ ಇಳಿಯುವ ಸಾಧ್ಯತೆ ಹೆಚ್ಚಿಸುವುದೂ ಅದೇ ಒಳಸಂಬಂಧ, ದಾನಿಯನ್ನು ಮನೆಯಲ್ಲೇ ಕೊಡುವುದೂ ಅದೇ. ಹೊಗಳಲೂ ಆಗದು, ತೆಗಳಿ ಸುಮ್ಮನಾಗಲೂ ಆಗದು. ಡಾಕ್ಟರು ಕೇಳುವ ಮುಂಚೆಯೇ "ನಮ್ಮದು ಒಳಸಂಬಂಧ" ಎಂದು ಹೇಳಿಬಿಡಿ, ನಾಚಿಕೆ ಬೇಡ.

ಇನ್ನೊಂದು ಮಾತು ರಕ್ತನಿಧಿಯವರೇ ಹೇಳಬೇಕಾದದ್ದು. ರೋಗ ಗೊತ್ತಾದ ದಿನವೇ ಅಣ್ಣ ತಮ್ಮ ಅಕ್ಕ ಎಲ್ಲರೂ "ನನ್ನ ರಕ್ತ ತಗೋರಿ" ಎಂದು ಓಡಿ ಬರುತ್ತಾರೆ. ಕರುಳು ಹಾಗೆ ಹೇಳುತ್ತದೆ, ಆದರೆ ಮುಂದೆ ಮಜ್ಜೆ ಕೊಡಬೇಕಾಗಬಹುದಾದವರು ಆ ರೋಗಿಗೆ ರಕ್ತ ಕೊಡಬಾರದು. ಅವರ ಮುದ್ರೆಯನ್ನು ರೋಗಿಯ ಮೈ ಮೊದಲೇ ನೋಡಿ ಹಗೆ ಕಟ್ಟಿಕೊಂಡರೆ ನಾಟಿ ಹಿಡಿಯುವುದು ಕಷ್ಟ. ಮನೆಯವರು ರಕ್ತನಿಧಿಗೆ ಕೊಡಲಿ, ಅದು ಬೇರೆಯವರಿಗೆ ಹೋಗಲಿ. ರೋಗಿಗೆ ಹೊರಗಿನವರದು ಬರಲಿ.

ಮನೆಯಲ್ಲಿ ಪೂರ್ತಿ ಹೊಂದುವವರು ಇಲ್ಲದಿದ್ದರೆ ನೋಂದಣಿ ಪಟ್ಟಿಗಳಿವೆ. ಚೆನ್ನೈನಲ್ಲಿ 2009ರಲ್ಲಿ ಶುರುವಾದ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಅಂಥವು. ಕೆನ್ನೆಯ ಒಳಭಾಗಕ್ಕೆ ಹತ್ತಿ ಕಡ್ಡಿ ಸವರಿ ಕೊಟ್ಟರೆ ಹೆಸರು ಸೇರುತ್ತದೆ. ಜಗತ್ತಿನಾದ್ಯಂತ 4 ಕೋಟಿಗೂ ಹೆಚ್ಚು ಹೆಸರುಗಳಿವೆ, ಭಾರತೀಯರು ಅದರಲ್ಲಿ ಬಹಳ ಕಡಿಮೆ. ಕನ್ನಡ, ತೆಲುಗು ಮಂದಿಗೆ ಹೊಂದುವ ಮುದ್ರೆ ಸಿಗುವುದು ಹೆಚ್ಚಾಗಿ ನಮ್ಮಂಥವರಲ್ಲೇ, ಜರ್ಮನಿಯಲ್ಲಲ್ಲ. ಇದೂ ಆಗದಿದ್ದರೆ ಅರ್ಧ ಹೊಂದುವ ಅಪ್ಪ ಅವ್ವನದೇ ಕೊಡುತ್ತಾರೆ. ನಾಟಿಯಾದ ಮೂರನೆಯ ನಾಲ್ಕನೆಯ ದಿನ ಸೈಕ್ಲೋಫಾಸ್ಫಮೈಡ್ ಕೊಟ್ಟರೆ ಜಗಳಕ್ಕೆ ನಿಂತ ಕಣಗಳು ಸಾಯುತ್ತವೆ, ಬೀಜಕಣಗಳು ಉಳಿಯುತ್ತವೆ. ಹಳೆಯದೇ ಔಷಧಿಯ ಹೊಸ ಉಪಯೋಗ. ದಾನಿಯಿಲ್ಲ ಎಂದು ಕೈತೊಳೆಯುತ್ತಿದ್ದ ದಿನಗಳನ್ನು ಇದು ಬಹಳಮಟ್ಟಿಗೆ ಮುಗಿಸಿದೆ.

ಜಗಳ ಅಂದೆನಲ್ಲ, ಈ ಚಿಕಿತ್ಸೆಯ ಮರ್ಮವೇ ಅದು. ಮೂತ್ರಪಿಂಡದ ಕಸಿಯಲ್ಲಿ ಮೈ ಹೊಸ ಅಂಗವನ್ನು ಒದೆಯುತ್ತದೆ. ಇಲ್ಲಿ ಬಂದದ್ದೇ ಸೈನ್ಯ, ಅದು ಮೈಯನ್ನೇ ಪರಕೀಯ ಎಂದು ಒದೆಯಬಹುದು. ಚರ್ಮ ಸುಲಿಯುವುದು, ಕಾಮಾಲೆ, ನಿಲ್ಲದ ಭೇದಿ. ಅದನ್ನು ಅಡಗಿಸಲು ತಿಂಗಳುಗಟ್ಟಲೆ ಸೈಕ್ಲೋಸ್ಪೋರಿನ್. ಆದರೆ ಆ ಸಿಟ್ಟನ್ನು ಪೂರ್ತಿ ಅಡಗಿಸಿದರೂ ತಪ್ಪೇ. ತದ್ರೂಪಿ ಅವಳಿಜವಳಿಯ ಮಜ್ಜೆ ಪಡೆದವರಲ್ಲಿ ಈ ಜಗಳವೇ ಇರುವುದಿಲ್ಲ, ಆದರೆ ಲ್ಯುಕೇಮಿಯಾ ಮರುಕಳಿಸುವುದು ಹೆಚ್ಚು ಎಂದು ಲೆಕ್ಕ ಹೇಳಿತು. ಅಂದರೆ ಕೀಮೋ ತಪ್ಪಿಸಿಕೊಂಡ ಕಳೆಯನ್ನು ಹುಡುಕಿ ಕೀಳುವುದು ಆ ಹೊಸ ಸೈನ್ಯವೇ. ಸಿಟ್ಟು ಕಳೆಗೆ ಮುಟ್ಟಬೇಕು, ಮೈಗೆ ಮುಟ್ಟಬಾರದು. ಡಾಕ್ಟರ ಅನುಭವ ತೂಗುವುದು ಆ ತಕ್ಕಡಿಯಲ್ಲಿ.

ನಮ್ಮವರು ಇದಕ್ಕಾಗಿ ಊರು ಬಿಡಬೇಕು. ಬಳ್ಳಾರಿ, ಕೊಪ್ಪಳದವರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ, ರಾಯಚೂರಿನವರು ಹೈದರಾಬಾದಿಗೆ ಇಲ್ಲವೇ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಗೆ. ಖಾಸಗಿಯಲ್ಲಾದರೆ ಖರ್ಚು ಎಕರೆಗಟ್ಟಲೆ ಹೊಲದ ಲೆಕ್ಕ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಥಲಸ್ಸೀಮಿಯಾ, ಏಪ್ಲಾಸ್ಟಿಕ್ ಅನೀಮಿಯಾಕ್ಕೆ ಕೋಲ್ ಇಂಡಿಯಾದ ಯೋಜನೆ 10 ಲಕ್ಷದವರೆಗೆ ಕೊಡುತ್ತದೆ. ಯಾವ ಆಸ್ಪತ್ರೆಗೆ ಯಾವ ಯೋಜನೆ ಎಂಬುದನ್ನು ಹೊಲ ಬರೆದುಕೊಡುವ ಮುಂಚೆ ಕೇಳಿ, ಆಮೇಲಲ್ಲ. ಲೆಕ್ಕಕ್ಕೆ ಸಿಗದ ಖರ್ಚು ಇನ್ನೊಂದು: ಸುಮಾರು ನೂರು ದಿನ ಆಸ್ಪತ್ರೆಯ ಹತ್ತಿರವೇ ಬಾಡಿಗೆ ಕೋಣೆ ಹಿಡಿದು ಇರಬೇಕು. ಊರಿಗೆ ಬಂದ ಮೇಲೂ ಕುದಿಸಿದ ನೀರು, ಬಿಸಿ ಊಟ. ಹೊಟ್ಟಿನ ಧೂಳು, ಮೇವಿನ ಬಣವೆ, ಮನೆ ಕೆಡವುವ ಜಾಗ ಬೇಡ, ಅಲ್ಲಿಯ ಬೂಷ್ಟು ಶ್ವಾಸಕೋಶಕ್ಕೆ ಇಳಿಯುತ್ತದೆ. ಆ ವರ್ಷ ಗವಿಮಠದ ಜಾತ್ರೆಯೂ ಬೇಡ. ಹೊಸ ಸೈನ್ಯಕ್ಕೆ ಹಳೆಯ ನೆನಪಿಲ್ಲದ್ದರಿಂದ ಕೂಸಿಗೆ ಹಾಕುವ ಲಸಿಕೆಗಳನ್ನು ಮತ್ತೆ ಮೊದಲಿನಿಂದ ಹಾಕಿಸಬೇಕು. ಅಂಗನವಾಡಿ ಕಾರ್ಡು ಮೂವತ್ತರ ಗಂಡಸಿಗೆ.

ಅಂಥ ಒಬ್ಬ ಮೂವತ್ತರ ಗಂಡಸು ಹೋದ ವರ್ಷ ಕೊಪ್ಪಳದ ಕಡೆಯಿಂದ ನಮ್ಮಲ್ಲಿಗೆ ಬಂದ. ಹರ್ನಿಯಾ ಆಪರೇಷನ್ನಿಗೆ ಮುಂಚೆ ರಕ್ತದ ಗುಂಪು ನೋಡಬೇಕಿತ್ತು. ಹೊಸದಾಗಿ ಸೇರಿದ ಹುಡುಗ ಪರೀಕ್ಷೆ ಮಾಡಿ, ಮತ್ತೆ ಮಾಡಿ, ಮೂರನೆಯ ಸಲ ಮಾಡಿ ನನ್ನ ಹತ್ತಿರ ಬಂದ. "ಸರ, ಕೆಂಪು ಕಣ ನೋಡಿದ್ರ ಓ ಐತಿ. ಸೀರಂ ನೋಡಿದ್ರ ಬಿ ಅಂತೈತಿ. ಕಿಟ್ ಕೆಟ್ಟಿರ್ಬೇಕು."

ಕಿಟ್ ಕೆಟ್ಟಿರಲಿಲ್ಲ. ಹೊರಗೆ ಹೋಗಿ ಕೇಳಿದೆ: "ಯಾರ ಬೋನ್ ಮ್ಯಾರೋ ತಗೊಂಡೀಯಪ?"

ಅವನು ಬೆರಗಾಗಿ ನೋಡಿದ. "ನಮ್ಮಕ್ಕಂದುರಿ. ಎರಡು ವರ್ಷಾತು. ನಿಮಗ ಹ್ಯಾಂಗ ಗೊತ್ತಾತು?"

ಮಜ್ಜೆಗೆ ಎಚ್‌ಎಲ್‌ಎ ಹೊಂದಿದರೆ ಸಾಕು, ರಕ್ತದ ಗುಂಪು ಒಂದೇ ಆಗಬೇಕೆಂದಿಲ್ಲ. ಅಕ್ಕನದು ಓ, ಇವನದು ಬಿ. ಈಗ ಮೂಳೆಯೊಳಗೆ ಬೆಳೆಯುವುದು ಅಕ್ಕನ ಬೆಳೆ, ಹಾಗಾಗಿ ಕೆಂಪು ಕಣ ಓ. ಬಿಳಿ ಕಣಗಳ ಕ್ರೋಮೋಸೋಮ್ ತೆಗೆದು ನೋಡಿದರೆ ಹೆಣ್ಣಿನವು. ಆದರೆ ಅವನ ಚರ್ಮ, ಕರುಳು, ರಕ್ತನಾಳದ ಗೋಡೆಯ ಮೇಲೆಲ್ಲ ಹುಟ್ಟುವಾಗಿನ ಬಿ ಮುದ್ರೆ ಹಾಗೇ ಇದೆ. ಅಕ್ಕನ ಸೈನ್ಯ ಆ ಮನೆಯಲ್ಲೇ ಬೆಳೆದು ಅದಕ್ಕೆ ಒಗ್ಗಿಹೋಗಿದೆ, ಹಾಗಾಗಿ ಓ ಗುಂಪಿನವರ ಸೀರಂನಲ್ಲಿ, ಅಂದರೆ ಕಣ ಬಿಟ್ಟು ಉಳಿದ ರಕ್ತದ ತಿಳಿನೀರಿನಲ್ಲಿ, ಇರಬೇಕಾದ ಬಿ ವಿರುದ್ಧದ ಪ್ರತಿಕಾಯವನ್ನು ತಯಾರಿಸುವುದಿಲ್ಲ. ಅದಕ್ಕೇ ಹುಡುಗನ ಎರಡು ಪರೀಕ್ಷೆ ಎರಡು ಉತ್ತರ ಹೇಳಿದ್ದು, ಎರಡೂ ನಿಜವೇ. ಇಷ್ಟನ್ನೂ ಅವನಿಗೆ ವಿವರಿಸಿ, ರಿಪೋರ್ಟಿನ ಕೆಳಗೆ ಕೆಂಪು ಶಾಯಿಯಲ್ಲಿ ಬರೆದೆ.

ಅವನು ಚೀಟಿ ತಿರುಗಿಸಿ ತಿರುಗಿಸಿ ನೋಡಿದ. "ಹಂಗಾರ ಸರ, ಗಾಡಿ ಲೈಸೆನ್ಸಿನ್ಯಾಗ ಏನಂತ ಬರಸ್ಲಿ?"

"ಓ ಅಂತ ಬರಸು. ಈ ಚೀಟಿ ಮಾತ್ರ ಪಾಕೀಟಿನ್ಯಾಗ ಇಟ್ಕೊಂಡಿರು."